ಆರು ಹೆಸರುಗಳ ಪಟ್ಟಿ



ಶಿರಾದಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಮಗ ಒಂಬತ್ತನೇ ತರಗತಿ. ಅವನ ಗಣಿತದ ನೋಟ್ ಪುಸ್ತಕವನ್ನು ತಿರುಗಿಸಿ ನೋಡಿದರೆ ಕೊನೆಯ ಹತ್ತು ಹದಿನೈದು ಪುಟಗಳ ತುಂಬ ಅರ್ಥವಾಗದ ಹೆಸರುಗಳು. ಒಂದೊಂದು ಪುಟಕ್ಕೆ ಆರಾರು ಹೆಸರು, ಪಕ್ಕದಲ್ಲಿ 252, 252, 4 ಎಂಬ ಅಂಕೆಗಳು, ಬಾಣದ ಗುರುತುಗಳು. ಕೆಲವು ಹೆಸರುಗಳನ್ನು ಹೊಡೆದು ಹಾಕಿ ಬೇರೆ ಹೆಸರು ಬರೆಯಲಾಗಿದೆ. ಕೇಳಿದರೆ "ಪೋಕೆಮಾನ್ ಟೀಮ್ ಅಮ್ಮೀ" ಎಂದನಂತೆ. "ನನಗೆ ಇದು ಮಾಟದ ಬರಹದ ಹಾಗೆ ಕಾಣುತ್ತದೆ, ಹರಿದು ಒಲೆಗೆ ಹಾಕಲೇ?" ಎಂಬುದು ಅವರ ಪ್ರಶ್ನೆ.

ಹರಿಯಬೇಡಿ. ಒಲೆಗೆ ಹಾಕುವ ಮೊದಲು ಆ ಪುಟಗಳಲ್ಲಿ ಏನಿದೆ ಎಂದು ನಾವಿಬ್ಬರೂ ಕುಳಿತು ಓದೋಣ. ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲೂಕುಗಳಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ, ಇಂತಹ ಪಟ್ಟಿ ಬರೆಯುವ ಮಕ್ಕಳಿದ್ದಾರೆ. ಅವರಲ್ಲಿ ಹೆಚ್ಚಿನವರು ಮೊಬೈಲ್ ಹಿಡಿದು ಕುಳಿತಿದ್ದಾರೆ ಎಂಬುದಷ್ಟೇ ನಮ್ಮ ಕಣ್ಣಿಗೆ ಬೀಳುತ್ತದೆ. ಒಬ್ಬ ಹುಡುಗ ಗುಂಡು ಹಾರಿಸುವ ಆಟ ಆಡುತ್ತಿದ್ದಾನೋ, ಹಣ ಕಟ್ಟುವ ಆಟ ಆಡುತ್ತಿದ್ದಾನೋ, ಲೆಕ್ಕ ಹಾಕುವ ಆಟ ಆಡುತ್ತಿದ್ದಾನೋ, ಬಾಗಿಲಲ್ಲಿ ನಿಂತು ನೋಡುವ ತಾಯಿಗೆ ಮೂರೂ ಒಂದೇ. ಬೈಗುಳವೂ ಒಂದೇ.

ಪೋಕೆಮಾನ್ ಎಂಬುದು 'ಪಾಕೆಟ್ ಮಾನ್‌ಸ್ಟರ್' ಎಂಬುದರ ಚಿಕ್ಕ ರೂಪ. ಜೇಬಿನೊಳಗಿನ ವಿಚಿತ್ರ ಪ್ರಾಣಿ ಎನ್ನಬಹುದು. ಜಪಾನಿನ ಸತೋಶಿ ತಜಿರಿ ಎಂಬವರಿಗೆ ಬಾಲ್ಯದಲ್ಲಿ ಹುಳ ಹುಪ್ಪಟೆ ಹಿಡಿದು ಕೂಡಿಡುವ ಹುಚ್ಚು. ದೊಡ್ಡವರಾದ ಮೇಲೆ ಆ ಹುಚ್ಚನ್ನೇ ಆಟವಾಗಿಸಿದರು. 1996ರ ಫೆಬ್ರವರಿ 27ರಂದು ಮೊದಲ ಆಟ ಹೊರಬಂದಾಗ ಅದರಲ್ಲಿ 151 ಪ್ರಾಣಿಗಳಿದ್ದವು, ಇಂದು ಸಾವಿರಕ್ಕೂ ಹೆಚ್ಚು. ನಮ್ಮ ದೇಶದ ಟಿವಿಗೆ ಇದರ ಕಾರ್ಟೂನ್ 2003ರಲ್ಲಿ ಬಂತು. ಆಗ ಶಾಲೆಯಲ್ಲಿದ್ದವರು ಇಂದು ಮಕ್ಕಳ ತಾಯಂದಿರಾಗಿರಬಹುದು, ಹಳದಿ ಬಣ್ಣದ ಪಿಕಾಚು ಅವರಿಗೆ ನೆನಪಿರಬೇಕು. 2016ರ ಡಿಸೆಂಬರ್‌ನಲ್ಲಿ ಜಿಯೋ ಜೊತೆಗೂಡಿ 'ಪೋಕೆಮಾನ್ ಗೋ' ಭಾರತಕ್ಕೆ ಬಂದ ಮೇಲೆ ಇದು ಹಳ್ಳಿಯ ಮೊಬೈಲ್‌ಗೂ ಇಳಿಯಿತು. ಮೂಲ ಆಟಕ್ಕೆ ಬೇಕಾದ ನಿಂಟೆಂಡೋ ಯಂತ್ರದ ಬೆಲೆ ನಮ್ಮವರ ಕೈಗೆಟುಕುವಂಥದ್ದಲ್ಲ. ಆದ್ದರಿಂದ ಗಂಭೀರವಾಗಿ ಆಡುವ ಮಕ್ಕಳು 'ಶೋಡೌನ್' ಎಂಬ ಉಚಿತ ಆಟದ ಮೊರೆ ಹೋಗುತ್ತಾರೆ. ಅಲ್ಲಿ ಪ್ರಾಣಿಯನ್ನು ಹಿಡಿಯುವ, ಸಾಕುವ ಕೆಲಸವಿಲ್ಲ. ತಂಡ ಕಟ್ಟುವುದು, ಕಾದಾಡುವುದು, ಇಷ್ಟೇ. ಶಿರಾದ ಹುಡುಗನ ಆರು ಹೆಸರುಗಳು ಬಹುಶಃ ಅದಕ್ಕಾಗಿಯೇ.

ಇನ್ನು ಪಟ್ಟಿಯೊಳಗೆ ಹೋಗೋಣ.

ಪ್ರತಿಯೊಂದು ಪ್ರಾಣಿಗೂ ಒಂದು ಅಥವಾ ಎರಡು ಜಾತಿಗಳಿವೆ. ಬೆಂಕಿ, ನೀರು, ಹುಲ್ಲು, ಮಿಂಚು, ಮಣ್ಣು, ಕಲ್ಲು, ಕಬ್ಬಿಣ, ಹೀಗೆ ಒಟ್ಟು 18. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಹೀರುತ್ತದೆ. ಗೆಲ್ಲುವ ಜಾತಿಯ ಏಟು ಎರಡು ಪಟ್ಟು ಬೀಳುತ್ತದೆ, ಸೋಲುವ ಜಾತಿಯ ಏಟು ಅರ್ಧ. ಕೆಲವು ಕಡೆ ಏಟು ತಾಗುವುದೇ ಇಲ್ಲ. ಮಣ್ಣಿನ ಪ್ರಾಣಿಗೆ ಮಿಂಚು ಬಡಿದರೆ ಶೂನ್ಯ, ಹಾರುವ ಪ್ರಾಣಿಗೆ ಮಣ್ಣು ಎರಚಿದರೆ ಶೂನ್ಯ. ಒಂದೇ ಪ್ರಾಣಿಗೆ ಎರಡು ಜಾತಿಯಿದ್ದು ಎರಡೂ ಒಂದೇ ಏಟಿಗೆ ಹೆದರುವುದಾದರೆ ಲೆಕ್ಕ ನಾಲ್ಕು ಪಟ್ಟಾಗುತ್ತದೆ. ಮಕ್ಕಳೆಲ್ಲ ಮೆಚ್ಚುವ, ಬೆಂಕಿ ಉಗುಳಿ ಹಾರುವ ಚಾರಿಝಾರ್ಡ್ ಒಂದು ಕಲ್ಲೇಟಿಗೆ ನಾಲ್ಕು ಪಟ್ಟು ತಿನ್ನುತ್ತದೆ. ಎಷ್ಟು ದೊಡ್ಡ ಪ್ರಾಣಿಯಾದರೂ ಅದನ್ನು ಕೆಡವುವ ಒಂದು ಸಣ್ಣ ವಸ್ತು ಎಲ್ಲೋ ಇದ್ದೇ ಇರುತ್ತದೆ.

ಆದ್ದರಿಂದ ಹೊಸದಾಗಿ ಆಡುವವನು ಮಾಡುವ ತಪ್ಪು ನಮಗೆಲ್ಲ ಗೊತ್ತಿರುವಂಥದ್ದೇ. ಬಲಶಾಲಿಯಾದ ಆರನ್ನು ಆರಿಸುತ್ತಾನೆ. ಆರೂ ಚಂದ, ಆರೂ ಭಯಂಕರ. ಎದುರಾಳಿ ಒಂದೇ ಒಂದು ಹಿಮದ ಪ್ರಾಣಿಯನ್ನು ತಂದು ಆರನ್ನೂ ಸಾಲಾಗಿ ಮಲಗಿಸುತ್ತಾನೆ. ಆಮೇಲೆ ಹುಡುಗ ನೋಟ್ ಪುಸ್ತಕ ತೆರೆಯುತ್ತಾನೆ.

ಇದನ್ನು ಪಾವಗಡದ, ಮಧುಗಿರಿಯ ಹಳೆಯ ರೈತರಿಗೆ ಹೇಳಿದರೆ ಅವರು ನಗುತ್ತಾರೆ. ಅಕ್ಕಡಿ ಸಾಲು ಎಂದರೆ ಏನೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ. ಕಡಲೆಕಾಯಿಯ ನಡುವೆ ತೊಗರಿ, ರಾಗಿಯ ನಡುವೆ ಅವರೆ, ಅಂಚಿನಲ್ಲಿ ಹರಳು. ಮಳೆ ಬೇಗ ನಿಂತರೆ ಒಂದು ಕೈ ಕೊಡುತ್ತದೆ, ಆಳಕ್ಕೆ ಬೇರು ಬಿಟ್ಟ ತೊಗರಿ ಉಳಿಯುತ್ತದೆ. ಒಂದಕ್ಕೆ ಹುಳ ಬಿದ್ದರೆ ಇನ್ನೊಂದು ಮನೆ ನಡೆಸುತ್ತದೆ. ಹೊಲ ಪೂರ್ತಿ ಕಡಲೆಕಾಯಿಯೊಂದನ್ನೇ ಹಾಕಿದ ವರ್ಷ ಮಳೆ ಒಲಿದರೆ ಬಂಗಾರ, ಮುನಿದರೆ ಬೀಜದ ಸಾಲವೂ ತೀರದು. ಪೋಕೆಮಾನ್ ತಂಡ ಕಟ್ಟುವವನು ಮಾಡುವುದೂ ಇದನ್ನೇ. ಮೊದಲ ಹೆಸರು ಬರೆದ ಕೂಡಲೇ ಅವನು ಕೇಳಿಕೊಳ್ಳುವ ಪ್ರಶ್ನೆ 'ಇದು ಎಷ್ಟು ಬಲಶಾಲಿ' ಎಂಬುದಲ್ಲ, 'ಇದನ್ನು ಯಾರು ಕೊಲ್ಲುತ್ತಾರೆ' ಎಂಬುದು. ಕೊಲ್ಲುವವನನ್ನು ತಡೆಯುವ ಪ್ರಾಣಿ ಎರಡನೇ ಹೆಸರು. ಆ ಎರಡನ್ನೂ ಕೊಲ್ಲುವವನೊಬ್ಬನಿದ್ದರೆ ಅವನಿಗಾಗಿ ಮೂರನೆಯದು. ನೋಟ್ ಪುಸ್ತಕದ ಬಾಣದ ಗುರುತುಗಳು ಇವೇ, ತಾಯೀ. ಮಾಟವಲ್ಲ.

ಹೊಲ ಪೂರ್ತಿ ಒಂದೇ ಬೆಳೆ ಹಾಕುವ ಧೈರ್ಯಶಾಲಿಗಳು ಆಟದಲ್ಲೂ ಇದ್ದಾರೆ. 'ಹವಾಮಾನದ ತಂಡ' ಎನ್ನುತ್ತಾರೆ. ಒಂದು ಪ್ರಾಣಿ ಬಂದು ನಿಂತರೆ ಐದು ಸರದಿಯವರೆಗೆ ಸುಡುಬಿಸಿಲು. ಆ ಬಿಸಿಲಲ್ಲಿ ಬೆಂಕಿಯ ಏಟು ಒಂದೂವರೆ ಪಟ್ಟು, ನೀರಿನ ಏಟು ಅರ್ಧ. 'ಸೋಲಾರ್ ಬೀಮ್' ಎಂಬ ಒಂದು ಹೊಡೆತವಿದೆ. ಸಾಮಾನ್ಯ ದಿನದಲ್ಲಿ ಒಂದು ಸರದಿ ಬಿಸಿಲು ತುಂಬಿಕೊಂಡು ಮುಂದಿನ ಸರದಿಗೆ ಹೊಡೆಯಬೇಕು, ಬಿಸಿಲಿದ್ದರೆ ತಕ್ಷಣ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ನೋಡುತ್ತಾ ಬೆಳೆದ ತಿರುಮಣಿ, ವಳ್ಳೂರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ಇಡೀ ತಂಡವನ್ನು ಬಿಸಿಲಿಗಾಗಿಯೇ ಕಟ್ಟಿದರೆ ಗೆಲುವು ಬೇಗ ಬರುತ್ತದೆ. ಆದರೆ ಎದುರಾಳಿ ಮಳೆ ತರುವ ಒಂದು ಪ್ರಾಣಿಯನ್ನು ಇಟ್ಟುಕೊಂಡಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಬಲ್ಲ ಆಟಗಾರರು ಹವಾಮಾನವನ್ನು ನಂಬಿದರೂ ಒಂದೆರಡು ಹೆಸರುಗಳನ್ನು ಹೊರಗಿಡುತ್ತಾರೆ. ಅದೇ ತೊಗರಿ ಸಾಲು.

ನನಗೆ ಬಹಳ ಇಷ್ಟವಾದ ಜೋಡಿಯೊಂದಿದೆ, ಹೇಳಲೇಬೇಕು. ಬ್ಲಿಸಿ ಎಂಬ ಗುಲಾಬಿ ಬಣ್ಣದ ದಪ್ಪನೆಯ ಪ್ರಾಣಿ. ಆಸ್ಪತ್ರೆಯ ದಾದಿಯ ಹಾಗಿದೆ, ಹೊಟ್ಟೆಯ ಚೀಲದಲ್ಲಿ ಒಂದು ಮೊಟ್ಟೆ. ಅದರ ಜೀವಶಕ್ತಿಯ ಅಂಕ 255. ಬೆಂಕಿ, ಮಿಂಚು, ನೀರು, ದೂರದಿಂದ ಬರುವ ಇಂತಹ ಏಟುಗಳನ್ನೆಲ್ಲ ನುಂಗಿಕೊಂಡು ನಿಲ್ಲುತ್ತದೆ. ಆದರೆ ಮೈಮೇಲೆ ಬೀಳುವ ಗುದ್ದಿನ ಎದುರು ಅದರ ರಕ್ಷಣೆಯ ಅಂಕ ಬರೀ 10. ಒಬ್ಬ ಪೈಲ್ವಾನ್ ಬಂದು ಗುದ್ದಿದರೆ ಮುಗಿಯಿತು. ಸ್ಕಾರ್ಮರಿ ಎಂಬ ಇನ್ನೊಂದು ಇದೆ, ಕಬ್ಬಿಣದ ಹಕ್ಕಿ. ಗುದ್ದುಗಳ ಎದುರು ಅದರ ರಕ್ಷಣೆ 140. ಬೆಂಕಿಗೆ, ಮಿಂಚಿಗೆ ಮಾತ್ರ ಹೆದರುತ್ತದೆ. ಇವೆರಡನ್ನೂ ಒಂದೇ ತಂಡದಲ್ಲಿಟ್ಟರೆ? ಬೆಂಕಿ ಬಂದಾಗ ದಾದಿ ಮುಂದೆ, ಗುದ್ದು ಬಂದಾಗ ಹಕ್ಕಿ ಮುಂದೆ. ಅತ್ತೆ ಬೈದರೆ ಸೊಸೆ ಸುಧಾರಿಸುವ, ನೆಂಟರು ಮುನಿದರೆ ಅತ್ತೆ ಸುಧಾರಿಸುವ ಮನೆಗಳಿವೆಯಲ್ಲ, ಹಾಗೆ. 2000ದ ದಶಕದ ಆಟಗಾರರಿಗೆ ಈ ಜೋಡಿ ದೊಡ್ಡ ತಲೆನೋವಾಗಿತ್ತು. ಕೊನೆಗೆ ಅವರು ಕಂಡುಕೊಂಡ ಉಪಾಯವೇನು? ಮ್ಯಾಗ್ನೆಟಾನ್ ಎಂಬ ಅಯಸ್ಕಾಂತದ ಪ್ರಾಣಿ. ಕಬ್ಬಿಣದ ಜಾತಿಯವರು ಅದರೆದುರು ಬಂದರೆ ಹಿಂದೆ ಸರಿಯಲಾಗದೆ ಅಂಟಿಕೊಂಡುಬಿಡುತ್ತಾರೆ. ಹಕ್ಕಿಯನ್ನು ಹೀಗೆ ಹಿಡಿದು ಮಿಂಚಿನಿಂದ ಮುಗಿಸಿದರೆ ದಾದಿ ಒಂಟಿ. ಬಲ ಇದ್ದದ್ದು ಜೋಡಿಯಲ್ಲಿ, ಆದ್ದರಿಂದ ಜೋಡಿಯನ್ನು ಒಡೆದರು.

ಇನ್ನು 252, 252, 4. ಗೃಹಿಣಿಯರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಪ್ರತಿಯೊಂದು ಪ್ರಾಣಿಗೂ ಆರು ಗುಣಗಳು: ಜೀವಶಕ್ತಿ, ಎರಡು ಬಗೆಯ ಏಟು, ಎರಡು ಬಗೆಯ ರಕ್ಷಣೆ, ವೇಗ. ಈ ಆರಕ್ಕೆ ಹಂಚಲು ಆಟಗಾರನ ಕೈಯಲ್ಲಿ ಒಟ್ಟು 510 ಅಂಕಗಳಿರುತ್ತವೆ. ಒಂದು ಗುಣಕ್ಕೆ 252ಕ್ಕಿಂತ ಹೆಚ್ಚು ಹಾಕುವಂತಿಲ್ಲ. ತಿಂಗಳ ಸಂಬಳವನ್ನು ಅಕ್ಕಿ, ಹಾಲು, ಶಾಲೆ ಫೀಸು, ಔಷಧಿ ಎಂದು ಹಂಚುವ ಹಾಗೆಯೇ. ಎಲ್ಲದಕ್ಕೂ ಸಮನಾಗಿ ಹಂಚಿದರೆ ಯಾವುದೂ ಪೂರ್ತಿಯಾಗದು. ಅದಕ್ಕಾಗಿ ಹುಡುಗ ವೇಗಕ್ಕೆ 252, ಏಟಿಗೆ 252 ಹಾಕಿ, ಉಳಿದ ಆರರಲ್ಲಿ ನಾಲ್ಕನ್ನು ಜೀವಶಕ್ತಿಗೆ ಕೊಟ್ಟಿದ್ದಾನೆ. ಲಾಭ ಸಿಗುವುದು ನಾಲ್ಕರ ಲೆಕ್ಕದಲ್ಲಾದ್ದರಿಂದ ಕೊನೆಯ ಎರಡು ವ್ಯರ್ಥ. ಇದಕ್ಕಿಂತ ಒಂದು ಮೆಟ್ಟಿಲು ಮೇಲೇರಿದವರು ಹೀಗೆ ಯೋಚಿಸುತ್ತಾರೆ: 'ನಾನು ಮುಖ್ಯವಾಗಿ ಹೆದರುವುದು ಆ ಒಂದು ಪ್ರಾಣಿಗೆ. ಅದಕ್ಕಿಂತ ಒಂದೇ ಒಂದು ಅಂಕ ವೇಗವಿದ್ದರೆ ಸಾಕು, ಮೊದಲ ಏಟು ನನ್ನದು. ಹೆಚ್ಚಿನ ವೇಗ ನನಗೇಕೆ? ಮಿಕ್ಕಿದ್ದನ್ನು ರಕ್ಷಣೆಗೆ ಹಾಕುತ್ತೇನೆ.' ನೋಟ್ ಪುಸ್ತಕದಲ್ಲಿ 252ರ ಬದಲು 116, 76 ಎಂಬಂತಹ ವಿಚಿತ್ರ ಸಂಖ್ಯೆಗಳು ಕಾಣತೊಡಗಿದರೆ ಮಗ ಈ ಮೆಟ್ಟಿಲು ಹತ್ತಿದ್ದಾನೆ ಎಂದು ತಿಳಿಯಿರಿ.

ಪೋಕೆಮಾನ್ ಗೋ ಆಟದಲ್ಲಿ ಲೆಕ್ಕ ಇನ್ನೂ ವಿಚಿತ್ರ. ಅಲ್ಲಿ ಮೂರರ ತಂಡ. 'ಗ್ರೇಟ್ ಲೀಗ್' ಎಂಬ ಪಂದ್ಯದಲ್ಲಿ ಪ್ರಾಣಿಯ ಶಕ್ತಿಯ ಅಂಕ 1,500 ದಾಟುವಂತಿಲ್ಲ. ಪ್ರತಿ ಪ್ರಾಣಿಗೂ ಹುಟ್ಟಿನಿಂದ ಏಟು, ರಕ್ಷಣೆ, ಜೀವಶಕ್ತಿ ಎಂಬ ಮೂರಕ್ಕೆ 15ರಲ್ಲಿ ಇಷ್ಟೆಂದು ಅಂಕ ಇರುತ್ತದೆ. ಮೂರಕ್ಕೂ 15 ಬಂದ ಪ್ರಾಣಿ ಸಿಕ್ಕಿದರೆ ಮಕ್ಕಳು ಕುಣಿಯುತ್ತಾರೆ. ಆದರೆ 1,500ರ ಮಿತಿಯ ಒಳಗೆ ಸಾಮಾನ್ಯವಾಗಿ ಗಟ್ಟಿಯಾಗಿ ನಿಲ್ಲುವುದು ಏಟಿಗೆ 0, ಉಳಿದೆರಡಕ್ಕೆ 15 ಇರುವ ಪ್ರಾಣಿ. ಏಟಿನ ಅಂಕವು ಒಟ್ಟು ಶಕ್ತಿಯ ಅಂಕವನ್ನು ಬೇಗ ಏರಿಸಿಬಿಡುತ್ತದೆ. ಅದು ಕಡಿಮೆಯಿದ್ದಷ್ಟೂ ಮಿತಿಯೊಳಗೆ ಉಳಿದ ಗುಣಗಳಿಗೆ ಜಾಗ ಹೆಚ್ಚು. ಸೊನ್ನೆ ಬಂದದ್ದಕ್ಕೆ ಬೆಲೆ ಬರುವ ಜಾಗ ಎಸ್ಸೆಸ್ಸೆಲ್ಸಿಯಲ್ಲಿ ನನಗಂತೂ ಕಂಡಿಲ್ಲ.

ಈ ವಿಷಯದಲ್ಲಿ ಎಲ್ಲರೂ ನೆನೆಯುವ ಒಂದು ಪಂದ್ಯವಿದೆ. 2014ರ ವಿಶ್ವ ಚಾಂಪಿಯನ್‌ಶಿಪ್, ಅಮೆರಿಕದ ವಾಷಿಂಗ್ಟನ್‌ನಲ್ಲಿ ನಡೆದದ್ದು. ಈ ಪಂದ್ಯಗಳಲ್ಲಿ ಆರು ಪ್ರಾಣಿಗಳನ್ನು ತಂದು, ಎದುರಾಳಿಯ ಆರನ್ನು ನೋಡಿ, ನಾಲ್ಕನ್ನು ಆರಿಸಿ, ಎರಡೆರಡಾಗಿ ಕಣಕ್ಕಿಳಿಸಬೇಕು. ದಕ್ಷಿಣ ಕೊರಿಯಾದ ಸೇಜುನ್ ಪಾರ್ಕ್ ತಂದ ಆರರಲ್ಲಿ ಪಚಿರಿಸು ಎಂಬ ಬಿಳಿಯ ಅಳಿಲೊಂದಿತ್ತು. ಮುದ್ದಾದ, ಮಿಂಚಿನ ಜಾತಿಯ ಸಣ್ಣ ಅಳಿಲು. ಗಂಭೀರ ಪಂದ್ಯಗಳಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಪ್ರಾಣಿ. ನೋಡಿದವರು ನಕ್ಕರು.

ಆದರೆ ಅವರ ಲೆಕ್ಕ ನೋಡಿ. ಪಾರ್ಕ್ ಅವರ ದೊಡ್ಡ ಅಸ್ತ್ರ ಗ್ಯಾರಡೋಸ್ ಎಂಬ ಜಲಸರ್ಪ. ನೀರು ಮತ್ತು ಹಾರುವ ಜಾತಿ ಸೇರಿರುವುದರಿಂದ ಅದಕ್ಕೆ ಮಿಂಚು ನಾಲ್ಕು ಪಟ್ಟು ತಗಲುತ್ತದೆ. ಎದುರಾಳಿಗಳೆಲ್ಲ ಮಿಂಚು ತಂದೇ ತರುತ್ತಾರೆ. ಅಳಿಲಿಗೆ ಒಂದು ವಿದ್ಯೆ ಗೊತ್ತು, 'ಫಾಲೋ ಮಿ', ಅಂದರೆ 'ನನ್ನನ್ನೇ ಹೊಡೆಯಿರಿ'. ಪಕ್ಕದವನಿಗೆ ಬರುವ ಏಟನ್ನೆಲ್ಲ ತನ್ನ ಮೈಮೇಲೆ ಎಳೆದುಕೊಳ್ಳುತ್ತದೆ. ಆ ಏಟು ಮಿಂಚಾಗಿದ್ದರೆ ಅದಕ್ಕೆ ಗಾಯವಾಗುವುದಿಲ್ಲ, ಬದಲಿಗೆ ಜೀವಶಕ್ತಿ ತುಂಬುತ್ತದೆ. ಇದೇ ವಿದ್ಯೆಗೆ ಬೇರೆಯವರು ಅಣಬೆಯ ರೂಪದ ಒಂದು ಪ್ರಾಣಿಯನ್ನು ಬಳಸುತ್ತಿದ್ದರು. ಆದರೆ ಆ ವರ್ಷ ಎಲ್ಲರ ತಂಡದಲ್ಲೂ ಬೆಂಕಿಯ ಗಿಡುಗವೊಂದು ಇರುತ್ತಿತ್ತು, ಅಣಬೆ ಅದರ ಬಾಯಿಗೆ ತುತ್ತು. ಅಳಿಲಿಗೆ ಆ ಗಿಡುಗದ ಹಾರುವ ಏಟು ಅರ್ಧ ಮಾತ್ರ ತಾಗುತ್ತದೆ. ಜೊತೆಗೆ ಎದುರಾಳಿಯ ಜೀವಶಕ್ತಿಯನ್ನು ಒಂದೇ ಕಡಿತಕ್ಕೆ ಅರ್ಧ ಮಾಡುವ ಹಲ್ಲು ಬೇರೆ. ಫೈನಲ್‌ನಲ್ಲಿ ಎದುರಾಳಿಯ ಡ್ರ್ಯಾಗನ್ ತನ್ನ ಅತಿ ದೊಡ್ಡ ಹೊಡೆತ ಹೊಡೆದಾಗ ಅಳಿಲು ಅದನ್ನು ತನ್ನ ಮೈಮೇಲೆ ಎಳೆದುಕೊಂಡು, ಬೀಳದೆ ನಿಂತಿತು. ಸಭಾಂಗಣ ಕೂಗಿ ಎದ್ದಿತು. ಪಾರ್ಕ್ ವಿಶ್ವ ಚಾಂಪಿಯನ್ ಆದರು. ಆ ಅಳಿಲು ಆ ಐವರ ನಡುವೆ ಮಾತ್ರ ಅಷ್ಟು ಬೆಲೆಯುಳ್ಳದ್ದು. ಅದನ್ನು ಎತ್ತಿ ನಿಮ್ಮ ಮಗ ತನ್ನ ತಂಡಕ್ಕೆ ಹಾಕಿಕೊಂಡರೆ ಮೊದಲ ಸರದಿಗೇ ಸಾಯುತ್ತದೆ.

ಈ ಮನೆಗೆ ಹೊಂದುವ ಸೊಸೆ, ಆ ಮನೆಗೆ ಹೊಂದುವ ಸೊಸೆ ಎಂದು ನಾವು ಮಾತನಾಡುವುದಿಲ್ಲವೇ? ಇರಲಿ, ವಿಷಯಾಂತರ ಬೇಡ.

ಚದುರಂಗಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಚದುರಂಗದಲ್ಲಿ, ನಮ್ಮ ಹಿರಿಯರು ಜಗಲಿ ಕಲ್ಲಿನ ಮೇಲೆ ಗೆರೆ ಎಳೆದು ಆಡುತ್ತಿದ್ದ ಹುಲಿ ಕುರಿ ಆಟದಲ್ಲಿ, ಅವನು ನಡೆಸಿದ ಮೇಲೆ ನಾನು ನಡೆಸುತ್ತೇನೆ. ಇಲ್ಲಿ ಇಬ್ಬರೂ ಗುಟ್ಟಾಗಿ ನಿರ್ಧರಿಸಿ ಒಂದೇ ಸಲ ತೆರೆದು ತೋರಿಸಬೇಕು. 'ನಾನು ಮಿಂಚು ಹೊಡೆಯುತ್ತೇನೆ ಎಂದು ಅವನಿಗೆ ಗೊತ್ತು. ಅವನು ಮಣ್ಣಿನ ಪ್ರಾಣಿಯನ್ನು ಒಳಗೆ ತರುತ್ತಾನೆ. ಹಾಗಾದರೆ ನಾನು ಮಿಂಚಿನ ಬದಲು ನೀರು ಹೊಡೆಯಲೇ? ಅವನು ಅದನ್ನೂ ಊಹಿಸಿದ್ದರೆ?' ಹೀಗೆ ಇನ್ನೊಬ್ಬರ ಮನಸ್ಸಿನೊಳಗೆ ಕುಳಿತು ಯೋಚಿಸುವುದನ್ನು ಯಾವ ಪಠ್ಯಪುಸ್ತಕವೂ ಹದಿನಾಲ್ಕು ವರ್ಷದವನಿಗೆ ಕಲಿಸುವುದಿಲ್ಲ. ಸೋಲೂ ಧಾರಾಳವಾಗಿ ಸಿಗುತ್ತದೆ. ಸೋತ ಮೇಲೆ ಫೋನ್ ಎಸೆಯುವ ಮಗ, ಸೋತ ಮೇಲೆ ನೋಟ್ ಪುಸ್ತಕ ತೆರೆಯುವ ಮಗ, ಇವರಿಬ್ಬರ ನಡುವೆ ಬಹಳ ಅಂತರವಿದೆ. ನಿಮ್ಮ ಮಗ ಎರಡನೆಯವನು.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. 'ಪೋಕೆಮಾನ್ ಹರಾಮ್ ಅಲ್ಲವೇ?' 2001ರಲ್ಲಿ ಸೌದಿ ಅರೇಬಿಯಾದ ಉಲಮಾಗಳು ಇದರ ವಿರುದ್ಧ ಫತ್ವಾ ನೀಡಿದ್ದು ನಿಜ. ಆಗ ಮಕ್ಕಳ ಕೈಯಲ್ಲಿದ್ದದ್ದು ಮುಖ್ಯವಾಗಿ ಕಾರ್ಡುಗಳು. ಕಾರ್ಡು ಪಣಕ್ಕಿಟ್ಟು ಆಡುವುದು, ದುಡ್ಡಿಗೆ ಮಾರುವುದು ಜೂಜಿನ ಹಾದಿ ಎಂಬುದು ಒಂದು ಕಾರಣ. ಪ್ರಾಣಿಗಳು ರೂಪ ಬದಲಿಸುವುದು ವಿಕಾಸವಾದವನ್ನು ಕಲಿಸುತ್ತದೆ ಎಂಬುದು ಇನ್ನೊಂದು. ಆ ಹೆಸರುಗಳಿಗೆ ದೀನ್‌ಗೆ ವಿರುದ್ಧವಾದ ಅರ್ಥಗಳಿವೆ ಎಂಬ ವದಂತಿಯೂ ಅರಬ್ ದೇಶಗಳಲ್ಲಿ ಹಬ್ಬಿತ್ತು. ಆ ವದಂತಿಗೆ ಆಧಾರವಿರಲಿಲ್ಲ, ಹೆಸರಿನ ಅರ್ಥವನ್ನು ಮೇಲೆ ಹೇಳಿದ್ದೇನೆ. ರೂಪ ಬದಲಿಸುವ ವಿಷಯದಲ್ಲಿ ನನಗೆ ಅನ್ನಿಸುವುದು ಇಷ್ಟು: ಆಟದವರು ಅದಕ್ಕೆ ವಿಕಾಸ ಎಂಬ ಪದ ಬಳಸಿದ್ದಾರೆ, ಆದರೆ ಅಲ್ಲಿ ನಡೆಯುವುದು ರೇಷ್ಮೆ ಹುಳ ಗೂಡು ಕಟ್ಟಿ ಚಿಟ್ಟೆಯಾಗುವ ಹಾಗೆ ಒಂದೇ ಜೀವಿಯ ರೂಪಾಂತರ. ಹುಳ ಹಿಡಿಯುತ್ತಿದ್ದ ಹುಡುಗ ಕಟ್ಟಿದ ಆಟವಲ್ಲವೇ! ಜೂಜಿನ ಮಾತು ಮಾತ್ರ ಇಂದಿಗೂ ತೂಕದ್ದು. ಇನ್ನೊಂದು ಸಂಗತಿಯೂ ನಿಮಗೆ ಗೊತ್ತಿರಲಿ. 2025ರಲ್ಲಿ ಪೋಕೆಮಾನ್ ಗೋ ಆಟವನ್ನು 350 ಕೋಟಿ ಡಾಲರಿನ ವ್ಯವಹಾರದಲ್ಲಿ ಕೊಂಡದ್ದು ಸ್ಕೋಪ್ಲಿ ಎಂಬ ಕಂಪನಿ, ಅದರ ಒಡೆತನ ಸೌದಿ ಸರಕಾರದ ಹೂಡಿಕೆ ನಿಧಿಯದ್ದು. ಇದರಿಂದ ಯಾವುದೂ ಹಲಾಲ್ ಆಗುವುದಿಲ್ಲ, ಹರಾಮೂ ಆಗುವುದಿಲ್ಲ. ತೀರ್ಪು ಕೊಡುವುದು ಈ ಅಂಕಣದ ಕೆಲಸವಲ್ಲ, ನಿಮ್ಮ ಊರಿನ ಉಲಮಾಗಳನ್ನು ಕೇಳಿ. ಆದರೆ ಕೇಳುವಾಗ ಆಟದ ಹೆಸರಷ್ಟೇ ಹೇಳಬೇಡಿ. ಮಗ ಏನು ಮಾಡುತ್ತಿದ್ದಾನೆ, ದುಡ್ಡು ಹೋಗುತ್ತಿದೆಯೇ, ನಮಾಝ್ ತಪ್ಪುತ್ತಿದೆಯೇ ಎಂಬುದನ್ನು ಹೇಳಿ ಕೇಳಿ.

ದುಡ್ಡಿನ ಮಾತು ಬಂತು. ಶೋಡೌನ್‌ನಲ್ಲಿ ಒಂದು ಪೈಸೆಯ ಖರ್ಚಿಲ್ಲ. ಪೋಕೆಮಾನ್ ಗೋ ಉಚಿತವೆನ್ನುತ್ತಾರೆ, ಆದರೆ ಒಳಗೆ ಅಂಗಡಿಯಿದೆ. ದಾಳಿಗೆ ಹೋಗುವ ಪಾಸು, ಮೊಟ್ಟೆ ಮರಿಮಾಡುವ ಯಂತ್ರ, ಎಲ್ಲಕ್ಕೂ ಬೆಲೆ. ಮೊಟ್ಟೆಯೊಳಗಿಂದ ಯಾವ ಪ್ರಾಣಿ ಬರುತ್ತದೆ ಎಂಬುದು ಅದೃಷ್ಟ. ಜಾತ್ರೆಯ ಲಕ್ಕಿ ಡಿಪ್‌ಗೂ ಇದಕ್ಕೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಕಾದಾಟ ಬುದ್ಧಿಯ ಆಟ, ಮೊಟ್ಟೆ ಹಾಗಲ್ಲ. ನಿಮ್ಮ ಫೋನಿನ ಯುಪಿಐ ಸಂಖ್ಯೆ ಮಗನಿಗೆ ಗೊತ್ತಿದ್ದರೆ ಇಂದೇ ಬದಲಿಸಿ. ಹಣ ಕಟ್ಟಿ ಹಣ ಗೆಲ್ಲುವ ಆಟಗಳು ಬೇರೆಯೇ ಸಂಗತಿ. ಅವುಗಳನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ಮಾಡಿ ಹಣದ ಆಟಗಳನ್ನು ನಿಷೇಧಿಸಿತು, ಕೌಶಲದ ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿತು. ನೀವು ಬಾಗಿಲಲ್ಲಿ ನಿಂತು ಒಂದೇ ಎಂದುಕೊಂಡದ್ದನ್ನು ಕಾನೂನು ಬೇರೆ ಬೇರೆ ಎನ್ನುತ್ತಿದೆ.

ಗೋ ಆಟದ ಇನ್ನೊಂದು ಎಚ್ಚರಿಕೆ. ಅದು ನಡೆದಾಡಿ ಆಡುವ ಆಟ. ಊರಿನ ಕೋಟೆ, ಪ್ರತಿಮೆ, ದೇವಸ್ಥಾನ, ದರ್ಗಾ, ಇಂತಹ ಸಾರ್ವಜನಿಕ ಗುರುತುಗಳೇ ಅದರ ನಿಲ್ದಾಣಗಳಾಗುತ್ತವೆ. 2016ರಲ್ಲಿ ದೇವಸ್ಥಾನಗಳಲ್ಲಿ ಮೊಟ್ಟೆ ಕಾಣಿಸುವುದು ಭಾವನೆಗಳಿಗೆ ನೋವು ತರುತ್ತದೆ ಎಂದು ಗುಜರಾತ್ ಹೈಕೋರ್ಟ್‌ಗೆ ಅರ್ಜಿ ಹೋಗಿ ನೋಟಿಸ್ ಜಾರಿಯಾಗಿತ್ತು. ಸಂಜೆ ಹೊತ್ತು ನಮ್ಮ ಹುಡುಗ ಫೋನ್ ಎತ್ತಿ ಹಿಡಿದು ಯಾರದೋ ಗುಡಿಯ ಮುಂದೆ ಹತ್ತು ನಿಮಿಷ ಸುಳಿದಾಡಿದರೆ ನೋಡುವವರಿಗೆ ಅದು ಆಟವೆಂದು ಹೇಗೆ ಗೊತ್ತಾಗಬೇಕು? ಈಗಿನ ಕಾಲದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆಯಲ್ಲಿ ಆಡುವುದಾದರೆ ಬೆಳಕಿರುವಾಗ, ನಾಲ್ಕು ಗೆಳೆಯರ ಜೊತೆ, ಪರಿಚಿತ ಬೀದಿಯಲ್ಲಿ.

ಸಮಯದ ಬಗ್ಗೆ ನಾನು ಗಂಟೆ ಲೆಕ್ಕ ಕೊಡುವುದಿಲ್ಲ, ಪ್ರತಿ ಮನೆಯ ಗಡಿಯಾರ ಬೇರೆ. ಆದರೆ ಈ ಆಟದ ಒಂದು ಅನುಕೂಲವನ್ನು ತಾಯಂದಿರು ಬಳಸಿಕೊಳ್ಳಬಹುದು. ತಂಡ ಕಟ್ಟುವ ಕೆಲಸಕ್ಕೆ ಫೋನ್ ಬೇಕಾಗಿಲ್ಲ, ಕಾಗದ ಸಾಕು. ಒಂದು ಪಂದ್ಯ ಮುಗಿಯಲು ಹೆಚ್ಚು ಹೊತ್ತು ಬೇಡ. 'ವಾರದ ದಿನ ಕಾಗದ, ಭಾನುವಾರ ಫೋನ್' ಎಂದು ಒಪ್ಪಂದ ಮಾಡಿಕೊಂಡ ಮನೆಯೊಂದು ಮಧುಗಿರಿಯಲ್ಲಿದೆ. ಅಲ್ಲಿ ಜಗಳವಿಲ್ಲ ಎಂದು ಹೇಳಲಾರೆ, ಮೊದಲಿಗಿಂತ ಕಡಿಮೆಯಿದೆ.

ಕೊನೆಯದಾಗಿ ಕೊರಟಗೆರೆಯ ಒಂದು ಮನೆಯ ವಿಷಯ. ಅಣ್ಣ ಪಿಯುಸಿ, ತಂಗಿ ಎಂಟನೇ ತರಗತಿ. ಫೋನ್ ಅಣ್ಣನದು. ತಂಗಿಗೆ ಫೋನ್ ಮುಟ್ಟಲು ಅನುಮತಿಯಿಲ್ಲ, 'ಹೆಣ್ಣುಮಕ್ಕಳಿಗೆ ಯಾಕೆ' ಎಂಬುದು ಮನೆಯವರ ಮಾತು. ಆದರೆ ಅಣ್ಣ ಸೋತಾಗಲೆಲ್ಲ ತಂಗಿಯನ್ನು ಕರೆಯುತ್ತಾನೆ. ಅವಳು ರೊಟ್ಟಿ ಲಟ್ಟಿಸುತ್ತಲೇ ಹೇಳುತ್ತಾಳೆ: "ನಿನ್ನ ಆರರಲ್ಲಿ ನಾಲ್ಕು ಮಂಜುಗಡ್ಡೆಗೆ ಸಾಯುತ್ತವೆ. ನಿಧಾನದ ಒಂದು ಕಬ್ಬಿಣದ್ದನ್ನು ಹಾಕು, ಟ್ರಿಕ್ ರೂಮ್ ಮಾಡು." ಟ್ರಿಕ್ ರೂಮ್ ಎಂದರೆ ಐದು ಸರದಿಯವರೆಗೆ ಆಟದ ನಿಯಮವನ್ನೇ ತಿರುಗಿಸಿಬಿಡುವ ವಿದ್ಯೆ, ಎಲ್ಲರಿಗಿಂತ ನಿಧಾನದವರೇ ಮೊದಲು ಹೊಡೆಯುತ್ತಾರೆ. 18 ಜಾತಿಗಳ ಇಡೀ ಕೋಷ್ಟಕ, ಅಂದರೆ 324 ಚೌಕಗಳು, ಆ ಹುಡುಗಿಗೆ ಬಾಯಿಪಾಠ. ಅಣ್ಣನ ಹಳೆಯ ನೋಟ್ ಪುಸ್ತಕ ನೋಡಿಯೇ ಕಲಿತದ್ದು. ಅವಳು ಒಂದು ಪಂದ್ಯವನ್ನೂ ತನ್ನ ಕೈಯಿಂದ ಆಡಿಲ್ಲ.

ಈ ಅಂಕಣ ಓದುವ ಆ ಮನೆಯ ತಾಯಿಗೆ ನನ್ನದೊಂದು ವಿನಂತಿ. ಬರುವ ಭಾನುವಾರ ಅಸರ್ ನಂತರ ಅರ್ಧ ಗಂಟೆ ನೀವೇ ಪಕ್ಕದಲ್ಲಿ ಕುಳಿತು, ಫೋನನ್ನು ಅವಳ ಕೈಗೆ ಕೊಡಿ. ಮೊದಲ ಪಂದ್ಯದಲ್ಲಿ ಅವಳು ಸೋಲಬಹುದು, ಗುಂಡಿ ಯಾವುದೆಂದು ಬೆರಳಿಗೆ ಇನ್ನೂ ಗೊತ್ತಿಲ್ಲ. ಎರಡನೆಯದನ್ನೂ ಆಡಲು ಬಿಡಿ.